ಜೊಂಡುಕೇರಿಯ ದನಿಯಮ್ಮ

ನಮ್ಮೂರಿನಲ್ಲಿ ರೇಡಿಯೋ ಮೈಕಿನ ಮುಂದೆ ಒಂದು ಸಲ ಮಾತಾಡಿದವರಿಗೆ ಆಮೇಲೆ ಬೇರೆಲ್ಲೂ ದನಿ ಬರುವುದಿಲ್ಲ. ಮೈಕಿನ ಮುಂದೆ ಕೂತರೆ ಮೊದಲಿನ ಹಾಗೇ ಮಾತು ಹೊರಡುತ್ತದೆ. ಎದ್ದು ಬಂದರೆ ಗಂಟಲು ಬರಿದು. ಕೆಮ್ಮು ಬರುತ್ತದೆ, ಬಿಕ್ಕಳಿಕೆ ಬರುತ್ತದೆ, ಮಾತು ಬರುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಇರಬಹುದು. ನಾವು ಅಲ್ಲಿಯವರಲ್ಲ.

ನಮ್ಮ ತಾತನ ಕಾಲದಲ್ಲಿ ರೇಡಿಯೋಗೆ ಮಾತೇ ಬರುತ್ತಿರಲಿಲ್ಲ. ಗುಡ್ಡದ ಮೇಲೆ ಒಂದು ಹೆಂಚಿನ ಕೋಣೆ, ಒಳಗೆ ಎದುರುಬದುರಾಗಿ ಕೂರಿಸಿದ ಹಿತ್ತಾಳೆ ಗುಂಡುಗಳು. ಗುಂಡಿನಿಂದ ಗುಂಡಿಗೆ ಕಿಡಿ ಹಾರಿದರೆ, ತಂತಿಯ ನಂಟೇ ಇಲ್ಲದೆ, ಹೊಳೆಯ ಮೇಲ್ಗಡೆ ಅಣೆಕಟ್ಟೆಯ ಬಳಿ ಇದ್ದ ಯಂತ್ರ ಟಕಟಕ ಅನ್ನುತ್ತಿತ್ತು; ಅಲ್ಲಿ ಕಿಡಿ ಹಾರಿದರೆ ಇಲ್ಲಿಯದು. ಉದ್ದ ಕಿಡಿ, ಗಿಡ್ಡ ಕಿಡಿ, ಅದರಲ್ಲೇ ಅಕ್ಷರ. ನೀರು ಬಿಟ್ಟಿದ್ದಾರೆ, ದೋಣಿ ಕಟ್ಟಿಹಾಕಿ ಅನ್ನುವಷ್ಟು ಸುದ್ದಿ ಅದರಲ್ಲಿ ಬಂದುಹೋಗುತ್ತಿತ್ತು. ಕಿಡಿಯ ಸದ್ದಿಗೆ ಗುಡ್ಡದ ಕೆಳಗಿನ ನಾಯಿಗಳು ಬೊಗಳುತ್ತಿದ್ದವು ಅನ್ನುವುದನ್ನು ಬಿಟ್ಟರೆ ಯಾರಿಗೂ ಏನೂ ತೊಂದರೆ ಇರಲಿಲ್ಲ.

ಆಮೇಲೆ ಗಾಜಿನ ವಾಲ್ವ್‌ಗಳು ಬಂದವು. ಸೀಮೆಎಣ್ಣೆ ಬುಡ್ಡಿಯ ಹಾಗೆ ಒಳಗೆ ಕೆಂಪಗೆ ಉರಿಯುವ ಆ ವಾಲ್ವ್‌ಗಳಿಂದ ಮನುಷ್ಯರ ಮಾತನ್ನೇ ಗಾಳಿಗೆ ಬಿಡಬಹುದು ಅಂತ ಗೊತ್ತಾದ ದಿನ, ಪುರಸಭೆಯ ಅಧ್ಯಕ್ಷರು ಮೊದಲ ಮಾತು ತಮ್ಮದೇ ಆಗಬೇಕೆಂದು ಹಟ ಹಿಡಿದರಂತೆ. ಜರಿ ಪೇಟ ಸುತ್ತಿ, ಮೈಕಿನ ಮುಂದೆ ನಿಂತು, ತಾವು ಕಟ್ಟಿಸಿದ ಚರಂಡಿಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮಾತಾಡಿ ಹೊರಗೆ ಬಂದು, ಹಾರ ಹಾಕಿಸಿಕೊಂಡು, ವಂದನೆ ಹೇಳಲು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು. ಊರಿನವರು ಮುಖ ತಿರುಗಿಸಿ ನಕ್ಕರು. ಅಧ್ಯಕ್ಷರ ಮನೆಯವರು ಮಾತ್ರ ಅಷ್ಟೇನೂ ದುಃಖಪಡಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಅವತ್ತಿನಿಂದ ಯಾವ ದೊಡ್ಡ ಮನುಷ್ಯರೂ ಮೈಕಿನ ಹತ್ತಿರ ಸುಳಿಯಲಿಲ್ಲ. ಮಾತು ಬರೆಯುವವರು ಅವರು, ಹೇಳುವವರು ಬೇರೆಯವರು ಅಂತಾಯಿತು. ಆ ಬೇರೆಯವರು ಯಾವಾಗಲೂ ಊರಿನ ತಗ್ಗಿನಲ್ಲಿ, ಜೌಗಿನ ಅಂಚಿನಲ್ಲಿ ಇದ್ದ ನಮ್ಮ ಜೊಂಡುಕೇರಿಯವರೇ ಆಗಿರುತ್ತಿದ್ದರು. ನಾವು ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆಯುವ ಜನ. ಜೌಗಿನಲ್ಲಿ ಒಬ್ಬರಿಗೊಬ್ಬರು ಕಾಣದೆ ಕೆಲಸ ಮಾಡುವುದರಿಂದ ದೂರಕ್ಕೆ ಕೇಳುವ ಹಾಗೆ, ಆದರೆ ಕಿರುಚದೆ, ಕೂಗುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ರೇಡಿಯೋಗೆ ಅಂಥ ದನಿಯೇ ಬೇಕಾಗಿತ್ತು.

ನಮ್ಮವ್ವ ದೇವೀರಮ್ಮನನ್ನು ಕೇಳಿಕೊಂಡು ಬಂದಾಗ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಾನಿನ್ನೂ ಲಂಗ ತೊಡುವ ಹುಡುಗಿ. ಅವ್ವನಿಗೆ ಓದಲು ಬರುತ್ತಿತ್ತು, ಕೇರಿಯಲ್ಲಿ ಅದೇ ಒಂದು ಅಪರೂಪ. ಕಾಯಂ ಕೆಲಸ, ಮಗಳಿಗೆ ಶಾಲೆ ಅಂದರು. ಅವ್ವ ಒಪ್ಪಿಕೊಂಡಳು.

ದನಿ ಕೊಡುವವರಿಗೆ ಮಾತು ಮುಗಿಸಿಕೊಳ್ಳಲು ಕೆಲವು ದಿನ ಬಿಡುವು ಕೊಡುವುದು ನಮ್ಮಲ್ಲಿ ಪದ್ಧತಿ. ಅವ್ವ ಆ ದಿನಗಳಲ್ಲಿ ಮನೆಮನೆಗೆ ಹೋದಳು. ಮಾತು ಬಿಟ್ಟಿದ್ದ ನಾದಿನಿಯ ಜೊತೆ ಜಗಳ ತೆಗೆದು, ಎಲ್ಲಾ ಬೈದು, ಅತ್ತು, ರಾಜಿಯಾಗಿ ಬಂದಳು. ಆಮೇಲೆ ನನ್ನನ್ನು ಕೂರಿಸಿಕೊಂಡು, ನಾನು ಇನ್ನೂ ಮಾಡದ ತಪ್ಪುಗಳಿಗೆಲ್ಲ ಮುಂಚಿತವಾಗಿ ಬೈದಳು. “ದೊಡ್ಡೋಳಾದ ಮೇಲೆ ನನ್ನ ಎದುರು ನಿಂತು ವಾದ ಮಾಡ್ತೀಯಲ್ಲ, ಆಗ ನಾನು ಏನೂ ಅನ್ನಕ್ಕಾಗಲ್ಲ. ಅದಕ್ಕೇ ಈಗ್ಲೇ ಅಂತಿದೀನಿ. ಬಾಯಿ ಮುಚ್ಚೇ, ಮೂದೇವಿ!” ಅಂದಳು. ನಾನು ನಕ್ಕೆ. ಅವಳೂ ನಕ್ಕಳು. ಮರುದಿನ ಗುಡ್ಡ ಹತ್ತಿದಳು.

ಅವ್ವ ದನಿಯಮ್ಮ ಆದಳು. ಊರು ಅವಳನ್ನು ಹಾಗೇ ಕರೆಯಿತು. ಬೆಳಗ್ಗೆ ಹೊಳೆಯ ಮಟ್ಟ, ಗಾಳಿಯ ದಿಕ್ಕು, ಕಳೆದುಹೋದ ಎಮ್ಮೆಯ ಗುರುತು, ನ್ಯಾಯಬೆಲೆ ಅಂಗಡಿಗೆ ಏನು ಬಂದಿದೆ, ಏನು ಖಾಲಿಯಾಗಿದೆ. ಸಂಜೆ ಒಂದು ಹಾಡು. ಮೇಲಿನ ಬೀದಿಯ ಮನೆಗಳಲ್ಲಿ ವಾಲ್ವ್ ಸೆಟ್ಟುಗಳಿದ್ದವು, ಮೇಲೆ ಕಸೂತಿ ಬಟ್ಟೆ ಹೊದಿಸಿ ದೇವರಂತೆ ಇಟ್ಟಿರುತ್ತಿದ್ದರು. ನಮ್ಮ ಕೇರಿಯಲ್ಲಿ ಕಲ್ಲಿನ ರೇಡಿಯೋ: ಮಿರಿಮಿರಿ ಹೊಳೆಯುವ ಸೀಸದ ಅದಿರಿನ ಒಂದು ಚೂರು, ಅದನ್ನು ಮುಟ್ಟುವ ಕೂದಲೆಳೆಯಂಥ ತಂತಿ, ಬಿದಿರಿನ ಕೊಳವೆಗೆ ಸುತ್ತಿದ ತಾಮ್ರದ ಸುರುಳಿ, ಕಿವಿಗೆ ಒತ್ತಿಕೊಳ್ಳುವ ಡಬ್ಬಿ. ಕರೆಂಟ್ ಬೇಡ, ಬ್ಯಾಟರಿ ಬೇಡ. ತಂತಿಯ ಮೊನೆಯಿಂದ ಕಲ್ಲನ್ನು ತಡಕುತ್ತಾ ಹೋದರೆ ಎಲ್ಲೋ ಒಂದು ಕಡೆ ದನಿ ಸಿಕ್ಕುತ್ತಿತ್ತು. ನಾನು ಹಾಗೆ ನಮ್ಮವ್ವನನ್ನು ಹುಡುಕಿ ಕೇಳಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅವಳು ಮನೆಗೆ ಬಂದು ತಟ್ಟೆ ಬಡಿದು ಊಟಕ್ಕೆ ಕರೆಯುತ್ತಿದ್ದಳು. ಇದರಲ್ಲಿ ನನಗೆ ವಿಚಿತ್ರ ಏನೂ ಅನ್ನಿಸಿರಲಿಲ್ಲ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಟ್ರಾನ್ಸಿಸ್ಟರ್‌ಗಳು ಬಂದವು. ಸೋಪಿನ ಡಬ್ಬಿಯಂಥ ರೇಡಿಯೋವನ್ನು ಜೊಂಡು ಕೊಯ್ಯುವವರು ದೋಣಿಗೇ ತೂಗುಹಾಕಿಕೊಂಡರು. ಜೌಗಿನ ತುಂಬ ನಮ್ಮವ್ವ ಮಾತಾಡುತ್ತಿದ್ದಳು. ಪಕ್ಕದ ಮನೆಯ ಬೊಮ್ಮಕ್ಕ, ಅವ್ವನ ಜೊತೆ ಒಂದೇ ದೋಣಿಯಲ್ಲಿ ಬೆಳೆದವಳು, “ಇವಳು ಸುಮ್ನಿರೋದು ನನ್ನ ಜೊತೆ ಮಾತ್ರ ನೋಡು” ಅಂತ ಹೇಳಿ ಅವ್ವನ ಬೆನ್ನಿಗೆ ಗುದ್ದುತ್ತಿದ್ದಳು.

ಹೊಸ ಇಂಜಿನಿಯರ್ ಶ್ರೀಕಂಠಯ್ಯ ಟೇಪ್ ರೆಕಾರ್ಡರ್ ತಂದದ್ದು ಆಮೇಲೆ. ಮೊದಲು ಹಾಡುಗಳನ್ನು ಅದರಲ್ಲಿ ಹಿಡಿದಿಟ್ಟರು. ಅವ್ವನಿಗೆ ಗಂಟಲು ಕೆಟ್ಟ ದಿನ ಅದು ಉಪಯೋಗಕ್ಕೆ ಬಂತು. ಅವ್ವನಿಗೆ ಅವರ ಮೇಲೆ ಗೌರವ ಇತ್ತು. ಒಳ್ಳೆಯ ಮನುಷ್ಯ, ಕುರ್ಚಿಗೆ ದಿಂಬು ಹಾಕಿಸಿಕೊಟ್ಟರು ಅಂತ ಸನ್ನೆಯಲ್ಲಿ ಹೇಳಿದ್ದಳು. ಆ ಬೇಸಿಗೆಯೆಲ್ಲ ಅವರು ಅವ್ವನಿಂದ ಬಿಡಿ ಬಿಡಿ ಮಾತುಗಳನ್ನು ಓದಿಸಿದರು. ಅಂಕಿಗಳು, ತಿಂಗಳುಗಳು, ಬೀದಿಗಳ ಹೆಸರು, ಬನ್ನಿ, ಹೋಗಿ, ಮಾಡಿ, ಮಾಡತಕ್ಕದ್ದು. ತನಗೆ ರಜೆ ಸಿಗಲೆಂದು ಹೀಗೆ ಮಾಡುತ್ತಿದ್ದಾರೆ ಅಂತ ಅವ್ವ ತಿಳಿದಳು. ರಜೆ ಸಿಕ್ಕಿತು. ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಇನ್ನು ನೀವು ಗುಡ್ಡ ಹತ್ತುವ ಕಷ್ಟ ಬೇಡ ಅಂದರು.

ಅವ್ವ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಸೀರೆ ಉಟ್ಟು, ಹೋಗಲು ಜಾಗವಿಲ್ಲದೆ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಅತ್ತ ಎಲ್ಲರ ಮನೆಯಲ್ಲೂ ಅವಳ ದನಿ ಹೊಳೆಯ ಮಟ್ಟ ಹೇಳುತ್ತಿತ್ತು. ಮೈಕಿನ ಮುಂದೆ ಕೂರಿಸಿದರೆ ಇನ್ನೂ ಮಾತಾಡಬಲ್ಲಳು. ಆದರೆ ಆ ಕೋಣೆಯ ಬಾಗಿಲು ಮುಚ್ಚಿತ್ತು. ಹಳೆಯ ಕೈಗೆ ಚಾಪೆಯ ಕಡ್ಡಿ ಮತ್ತೆ ಒಗ್ಗಲು ಬಹಳ ದಿನ ಹಿಡಿಯಿತು.

ಒಂದು ದಿನ ಬೊಮ್ಮಕ್ಕ ನಮ್ಮ ಜಗಲಿಯಲ್ಲಿ ಕೂತು ಅವ್ವನ ಜೊತೆ ಚಾಪೆಯ ಅಂಚು ಕಟ್ಟುತ್ತಿದ್ದಾಗ ಟ್ರಾನ್ಸಿಸ್ಟರ್‌ನಲ್ಲಿ ಅವ್ವನ ದನಿ ಬಂತು. ಜೊಂಡುಕೇರಿಯ ನಿವಾಸಿಗಳು ಬರುವ ಹುಣ್ಣಿಮೆಯ ಒಳಗೆ ಮನೆ ಖಾಲಿ ಮಾಡತಕ್ಕದ್ದು. ಹೊಸ ಪ್ರಸಾರ ಗೋಪುರಕ್ಕೆ ಜಾಗ ಬೇಕಾಗಿದೆ. ಎಲ್ಲರೂ ಸಹಕರಿಸಿ.

ಅವ್ವನ ಕೈಯಿಂದ ಕಡ್ಡಿ ಬಿತ್ತು. ಬೊಮ್ಮಕ್ಕ ಒಮ್ಮೆ ರೇಡಿಯೋ ಕಡೆ, ಒಮ್ಮೆ ಅವ್ವನ ಕಡೆ ನೋಡಿದಳು.

“ಯಾವಾಗ ಓದ್ದೆ ಇದನ್ನ?” ಅಂದಳು.

ಅವ್ವ ತಲೆ ಅಲ್ಲಾಡಿಸಿದಳು. ಎರಡೂ ಕೈ ಅಲ್ಲಾಡಿಸಿದಳು.

“ಓದಿಲ್ವಾ? ಹಂಗಾದ್ರೆ ಅದ್ಯಾರು, ನಿನ್ನ ದೆವ್ವವಾ? ಬೆಳಿಗ್ಗೆಯಿಂದ ನನ್ನ ಪಕ್ಕದಲ್ಲಿ ಕುಂತಿದೀಯ, ನನ್ನ ಮನೆ ಹೋಗತ್ತೆ ಅಂತ ಒಂದು ಸನ್ನೆ ಮಾಡಕ್ಕೆ ಆಗ್ಲಿಲ್ವೇನೇ ದೇವೀರಿ?”

ನಾನು ನಡುವೆ ಬಂದೆ. “ಅತ್ತೆ, ಅದು ಟೇಪು. ಅವ್ವ ಬೇರೆ ಬೇರೆ ಸಲ ಆಡಿದ ಮಾತನ್ನ ಕತ್ತರಿಸಿ ಅಂಟಿಸಿದಾರೆ. ಖಾಲಿ ಅಂತ ಬಂತಲ್ಲ, ಅದು ಸೀಮೆಎಣ್ಣೆ ಖಾಲಿಯಾಗಿದೆ ಅಂತ ಓದಿದ್ದು. ಸರಿಯಾಗಿ ಕೇಳು, ದನಿ ಅಲ್ಲಿ ಹಾರತ್ತೆ.”

“ಮಾತು ಅಂದ್ರೆ ರವಿಕೆ ಬಟ್ಟೆಯೇನೇ, ಕತ್ತರಿಸಿ ಹೊಲಿಯಕ್ಕೆ?” ಅಂದಳು ಬೊಮ್ಮಕ್ಕ. ಚಾಪೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಕೇರಿಯವರು ಪುರಸಭೆಗೆ ಹೋಗಿ ಕೂಗಾಡಿದರು. ಅಲ್ಲಿ ಅವರಿಗೆ ಸಿಕ್ಕ ಉತ್ತರ ಒಂದೇ: ನಿಮ್ಮ ದೇವೀರಮ್ಮನೇ ಒಪ್ಪಿ ಓದಿದ್ದಾಳಲ್ಲ, ಅವಳಿಗಿಲ್ಲದ ತಕರಾರು ನಿಮಗ್ಯಾಕೆ? ಪ್ರತಿದಿನ ಬೆಳಗ್ಗೆ, ಸಂಜೆ ಅದೇ ಪ್ರಕಟಣೆ ಬಂತು. ನಮ್ಮ ಮನೆಗೆ ಬೆಂಕಿ ಕೇಳಲು ಯಾರೂ ಬರಲಿಲ್ಲ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಒಂದು ದಿನ ಹಿತ್ತಿಲಲ್ಲಿ ಒಣಗಲು ಹಾಕಿದ ಜೊಂಡಿನ ಮೇಲೆ ಯಾರೋ ಸಗಣಿ ನೀರು ಸುರಿದಿದ್ದರು. ಅವ್ವ ಅದನ್ನು ಒಂದೊಂದೇ ಕಡ್ಡಿ ತೊಳೆದು ಮತ್ತೆ ಒಣಗಿಸಿದಳು. ಒಂದು ಹಲಗೆಯ ಮೇಲೆ ಸುಣ್ಣದಲ್ಲಿ ‘ನಾನು ಹೇಳಿಲ್ಲ’ ಅಂತ ಬರೆದು ಬಾಗಿಲಿಗೆ ಒರಗಿಸಿದಳು. ಓದಬಲ್ಲವರು ಕೇರಿಯಲ್ಲಿ ನಾವಿಬ್ಬರೇ.

ನಾನು ಗುಡ್ಡ ಹತ್ತಿ ಶ್ರೀಕಂಠಯ್ಯನವರನ್ನು ಕಂಡೆ. ಅವರು ಕಪ್ಪು ಟೇಪಿನ ತುದಿಗೆ ಅಂಟು ಹಚ್ಚುತ್ತಿದ್ದರು. ನನ್ನನ್ನು ನೋಡಿ ಕುರ್ಚಿ ತೋರಿಸಿದರು.

“ಯಂತ್ರ ನೋಡಿಕೊಳ್ಳುವುದು ಮಾತ್ರ ನನ್ನ ಕೆಲಸ ಸಾಕಮ್ಮ. ಏನು ಹೇಳಬೇಕು ಅಂತ ಪುರಸಭೆಯಿಂದ ಬರುತ್ತದೆ” ಅಂದರು.

“ಗೋಪುರ ಗುಡ್ಡದ ಮೇಲೇ ಕಟ್ಟಬಹುದಲ್ಲ ಸಾರ್? ನಮ್ಮ ಕೇರೀನೇ ಯಾಕೆ?”

“ಒಣ ಕಲ್ಲಿನ ಮೇಲೆ ನಿಂತ ಗೋಪುರದಿಂದ ನಮ್ಮ ಮಧ್ಯಮ ತರಂಗ ದೂರ ಹೋಗಲ್ಲಮ್ಮ. ಹಸಿ ನೆಲ ಬೇಕು. ಬುಡದಿಂದ ಸುತ್ತಲೂ ತಾಮ್ರದ ತಂತಿ ಹೂಳಬೇಕು. ನಿಮ್ಮ ಜೌಗಿಗಿಂತ ಒಳ್ಳೆಯ ನೆಲ ಈ ಸೀಮೆಯಲ್ಲೇ ಇಲ್ಲ.” ನಮ್ಮ ನೆಲವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

“ನಮ್ಮವ್ವನನ್ನ ಒಂದೇ ಒಂದು ಸಲ ಮೈಕಿನ ಮುಂದೆ ಕೂರಿಸಿ. ನಾನು ಹೇಳಿಲ್ಲ ಅಂತ ಹೇಳಲಿ, ಸಾಕು.”

ಅವರು ಮತ್ತೆ ಟೇಪಿನ ಮೇಲೆ ಬಗ್ಗಿದರು. “ಅದು ನನ್ನ ಕೈಲಿಲ್ಲ” ಅಂದರು. ಆಮೇಲೆ, ನಾನು ಏಳುವಾಗ, “ನಿನ್ನ ದನಿ ನಿಮ್ಮ ತಾಯಿಯದೇ. ಹೊಸ ಗೋಪುರಕ್ಕೆ ಹೊಸ ದನಿ ಬೇಕು ಅಂತ ಹುಡುಕುತ್ತಾ ಇದ್ದಾರೆ. ಯೋಚನೆ ಮಾಡು” ಅಂದರು.

ಇಳಿದು ಬರುವ ದಾರಿಯಲ್ಲೇ ಯೋಚನೆ ಮುಗಿಯಿತು. ಅವ್ವನನ್ನು ಕೂರಿಸುವುದಿಲ್ಲ, ನನ್ನನ್ನು ಕೂರಿಸುತ್ತಾರೆ. ಅವರು ಬರೆದುಕೊಟ್ಟದ್ದನ್ನು ಬದಿಗಿಟ್ಟು ನಾನು ನಿಜ ಹೇಳಿದರೆ ಗಾಳಿಗೆ ಹೋದ ಮಾತನ್ನು ಯಾರು ಹಿಡಿದು ವಾಪಸ್ಸು ತರುತ್ತಾರೆ? ಊರಿಗೆ ಊರೇ ಕೇಳಿಸಿಕೊಂಡಿರುತ್ತದೆ. ನನ್ನ ದನಿ ಹೋಗುತ್ತದೆ, ಹೋಗಲಿ. ಬಾವಿಕಟ್ಟೆಯಲ್ಲಿ ನನ್ನ ಜೊತೆ ಮಾತಾಡುವವರೇ ಇಲ್ಲದ ಮೇಲೆ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ಒಪ್ಪಿದ್ದೇನೆ ಅಂತ ಅವ್ವನಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. ಬೂದಿಯ ಕೈ. ಗೋಡೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿ ಹಾಗೇ ಹಿಡಿದುಕೊಂಡಳು, ಮಾತು ಅಲ್ಲೇ ಒಳಗೆ ಇದ್ದುಬಿಡಲಿ ಅನ್ನುವಂತೆ. ನಾನು ಅವಳ ಕೈ ಬಿಡಿಸಿದೆ. “ಅವ್ವ, ನಿನ್ನ ಮೇಲೆ ಬಂದ ಮಾತನ್ನ ನಾನಲ್ಲದೆ ಇನ್ಯಾರು ತೆಗೀಬೇಕು?” ಅಂದೆ. ಅವಳು ನನ್ನ ಭುಜಕ್ಕೆ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ಒಲೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ಕೂತಳು. ಮಾತು ಮುಗಿಸಿಕೊಳ್ಳಲು ನನಗೂ ಬಿಡುವು ಕೊಟ್ಟಿದ್ದರು. ಕೇರಿಯಲ್ಲಿ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ನಾನು ಅವ್ವನ ಬೆನ್ನಿಗೇ ಮಾತಾಡಿದೆ. ಶಾಲೆಯಲ್ಲಿ ನಡೆದದ್ದು, ಕನಸಿನಲ್ಲಿ ಬಂದದ್ದು, ಅಪ್ಪನ ಬಗ್ಗೆ ನನಗೆ ನೆನಪಿರುವುದು. ಅವಳು ತಿರುಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಗುಡ್ಡದ ಮೇಲಿನ ಕೋಣೆಯ ಗೋಡೆಗಳಿಗೆ ಗೋಣಿ ತಟ್ಟು ಹೊಡೆದಿದ್ದರು. ಶ್ರೀಕಂಠಯ್ಯ ಗಾಜಿನ ಆಚೆ ಕೂತರು. ಮೊದಲು ಪರೀಕ್ಷೆಗೆ ಅಂತ ಪದಗಳನ್ನು ಓದಿಸಿದರು. ಸಂತೋಷ, ಸೌಕರ್ಯ, ಗೋಪುರ, ನಾಗರಿಕರು, ಕೃತಜ್ಞತೆ. ಓದಿದೆ. ಮಧ್ಯೆ ನೀರು ಕುಡಿಯಲು ಎದ್ದು ಆಚೆ ಹೋದಾಗ ಸುಮ್ಮನೆ ಅವ್ವಾ ಅಂದು ನೋಡಿದೆ. ಏನೂ ಬರಲಿಲ್ಲ. ಬಾಯಲ್ಲಿ ನೀರು ಮಾತ್ರ ಇತ್ತು. ವಾಪಸ್ಸು ಬಂದು ಕೂತೆ. ಕೊನೆಗೆ ಕೆಂಪು ದೀಪ ಹತ್ತಿತು. ಅವರು ಗಾಜಿನ ಆಚೆಯಿಂದ ಕೈ ತೋರಿಸಿದರು.

ನಾನು ಅವರು ಕೊಟ್ಟಿದ್ದ ಕಾಗದ ಮಡಿಸಿಟ್ಟು, ಜೌಗಿನಲ್ಲಿ ಕೂಗುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. “ನಾನು ದೇವೀರಮ್ಮನ ಮಗಳು ಸಾಕಮ್ಮ. ಮನೆ ಖಾಲಿ ಮಾಡಿ ಅಂತ ಹೇಳಿದ್ದು ನನ್ನ ತಾಯಿಯಲ್ಲ. ಆಕೆಯ ಮಾತನ್ನು ಕತ್ತರಿಸಿ ಅಂಟಿಸಿದ್ದಾರೆ. ಜೊಂಡುಕೇರಿಯವರೇ, ಜಾಗ ಬಿಡಬೇಡಿ.”

ಶ್ರೀಕಂಠಯ್ಯ ಗುಂಡಿ ಒತ್ತಿ ನಿಲ್ಲಿಸುತ್ತಾರೆ, ಓಡಿ ಬರುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು. ದೀಪ ಆರಿತು. ಹೊರಗೆ ಬಂದಾಗ ನನ್ನ ಮುಖ ನೋಡದೆ, “ಚೆನ್ನಾಗಿ ಓದಿದೆ” ಅಂದರು. ಪುರಸಭೆಯವರು ಶಾಲು ತಂದಿದ್ದರು. ಯಾರೂ ಸಿಟ್ಟಾಗಿರಲಿಲ್ಲ. ಕಾಫಿ, ಉಪ್ಪಿಟ್ಟು ಕೊಟ್ಟರು, ಅಧ್ಯಕ್ಷರು ಬರುತ್ತಾರೆ ಅಂತ ಕೂರಿಸಿಕೊಂಡರು. ಅವರಿಗೆ ನಾಚಿಕೆಯಾಗಿದೆ, ತೋರಿಸಿಕೊಳ್ಳುತ್ತಿಲ್ಲ ಅಂತ ನಾನು ಒಳಗೊಳಗೇ ಹಿಗ್ಗಿದೆ. ಅಧ್ಯಕ್ಷರು ಬರಲಿಲ್ಲ. ಹೊತ್ತು ಇಳಿಯುವಾಗ ನಾನು ಗುಡ್ಡವನ್ನು ಓಡಿಕೊಂಡೇ ಇಳಿದೆ.

ಕೇರಿಯ ಬಾಯಿಗೆ ಬಂದಾಗ ಸಂಜೆಯ ವಾರ್ತೆ ಶುರುವಾಗಿತ್ತು. ಜನ ಬೊಮ್ಮಕ್ಕನ ಅಂಗಳದಲ್ಲಿ ಟ್ರಾನ್ಸಿಸ್ಟರ್ ಸುತ್ತ ನಿಂತಿದ್ದರು. ಅದರೊಳಗಿಂದ ನಾನು ಮಾತಾಡುತ್ತಿದ್ದೆ. ನಾನು ದೇವೀರಮ್ಮನ ಮಗಳು ಸಾಕಮ್ಮ. ಮನೆ ಖಾಲಿ ಮಾಡಿ ಅಂತ ಹೇಳಿದ್ದು ನನ್ನ ತಾಯಿ. ಜೊಂಡುಕೇರಿಯವರೇ, ಜಾಗ ಬಿಡಿ.

ಆಗ ನನಗೆ ಅರ್ಥವಾಯಿತು. ಕೆಂಪು ದೀಪ ಹತ್ತಿದಾಗ ನನ್ನ ಮಾತು ಗಾಳಿಗೆ ಹೋಗಿರಲಿಲ್ಲ, ಟೇಪಿಗೆ ಹೋಗಿತ್ತು. ಅಲ್ಲಿ ಈಗ ಯಾವುದೂ ನೇರವಾಗಿ ಹೋಗುವುದೇ ಇಲ್ಲ. ಒಂದು ವಾಕ್ಯ ತೆಗೆದುಹಾಕಿದ್ದರು. ಉಳಿದದ್ದಕ್ಕೆ ಕತ್ತರಿ ಹೆಚ್ಚು ಕೆಲಸ ಮಾಡಿರಲಿಲ್ಲ. ತಾಯಿಯಲ್ಲ ಅನ್ನುವುದರ ಬಾಲ ಕತ್ತರಿಸಿದ್ದರು, ಬಿಡಬೇಡಿ ಅನ್ನುವುದರ ಹೊಟ್ಟೆ ಕತ್ತರಿಸಿದ್ದರು. ಅಷ್ಟಕ್ಕೇ ಸಾಕಾಗಿತ್ತು. ಎಷ್ಟು ಬಿಡಿಸಿ ಹೇಳಿದ್ದೆನೋ ಅಷ್ಟು ಸುಲಭವಾಗಿತ್ತು ಅವರಿಗೆ.

ನಾನು ಜನರ ನಡುವೆ ನುಗ್ಗಿದೆ. ಬಾಯಿ ತೆರೆದು, ಕೈ ಬೀಸಿ, ಅಲ್ಲ ಅಲ್ಲ ಅಂತ ಸನ್ನೆ ಮಾಡಿದೆ. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದೆ. ಯಾರೂ ನನ್ನ ಮೈ ಮುಟ್ಟಲಿಲ್ಲ. ದಾರಿ ಬಿಟ್ಟರು, ಅಷ್ಟೇ. ಬೊಮ್ಮಕ್ಕ ನನ್ನ ಹೆಗಲ ಮೇಲಿದ್ದ ಶಾಲನ್ನು ನೋಡಿದಳು. ಅದನ್ನು ತೆಗೆದಿಟ್ಟು ಬರಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಅವ್ವ ಎಲ್ಲಾ ಕೇಳಿಸಿಕೊಂಡಿದ್ದಳು. ಇನ್ನೊಮ್ಮೆ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಗಂಟಲನ್ನು ಮುಟ್ಟಿ ನೋಡಿದಳು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ತಟ್ಟೆಗೆ ಅನ್ನ ಹಾಕಿದಳು. ನಾವು ಉಂಡೆವು.

ಹುಣ್ಣಿಮೆ ಬರುವ ಮೊದಲೇ ಕೇರಿ ಒಡೆಯಿತು. ಜಗಳ ಮಾಡಬೇಕೆಂದವರಿಗೆ ಜೊತೆ ಸಿಗಲಿಲ್ಲ. ನಮ್ಮವರೇ ಎರಡು ತಲೆಮಾರು ಹೇಳಿದ ಮೇಲೆ ಇನ್ನೇನು ಅಂದು ಒಬ್ಬೊಬ್ಬರೇ ಗಂಟು ಕಟ್ಟಿದರು. ಜೌಗಿನ ಅರ್ಧಕ್ಕೆ ಕೆಮ್ಮಣ್ಣು ಸುರಿದು ತಗಡಿನ ಶೆಡ್ಡುಗಳನ್ನು ಎಬ್ಬಿಸಿ ಎಲ್ಲರನ್ನೂ ಅಲ್ಲಿಗೆ ಹಾಕಿದರು. ಉಳಿದರ್ಧಕ್ಕೆ ಬೇಲಿ. ಬೇಲಿಯಾಚೆ ನೆಲದೊಳಗೆ ತಾಮ್ರದ ತಂತಿಗಳು, ಮಧ್ಯದಲ್ಲಿ ಕತ್ತೆತ್ತಿ ನೋಡಿದರೆ ತಲೆ ತಿರುಗುವಷ್ಟು ಎತ್ತರದ ಗೋಪುರ. ಜೊಂಡು ಬೇಲಿಯ ಆಚೆ ಎದೆಯೆತ್ತರ ಬೆಳೆದು ಒಣಗಿ ಬೀಳುತ್ತದೆ. ಕೊಯ್ಯಲು ಬಿಡುವುದಿಲ್ಲ. ಗಂಡಸರು ಕಲ್ಲು ಒಡೆಯಲು ಹೋಗುತ್ತಾರೆ. ನನ್ನನ್ನು ಮತ್ತೆ ಯಾರೂ ಮೈಕಿಗೆ ಕರೆಯಲಿಲ್ಲ. ಪರೀಕ್ಷೆಗೆ ಅಂತ ಓದಿಸಿದ ಪದಗಳೇ ಅವರಿಗೆ ಧಾರಾಳವಾಗಿ ಸಾಕು.

ಹೊಸ ಜಾಗಕ್ಕೆ ಬಂದ ಮೇಲೆ ಬೊಮ್ಮಕ್ಕ ತನ್ನ ಟ್ರಾನ್ಸಿಸ್ಟರನ್ನು ಕಲ್ಲಿಗೆ ಬಡಿದು ಬಿಸಾಕಿದಳು. ಬೇರೆಯವರೂ ತಮ್ಮವನ್ನು ಆರಿಸಿ ಮೂಲೆಗಿಟ್ಟರು. ಆದರೆ ಮೊದಲ ಮಳೆ ಬಿದ್ದು ತಗಡಿನ ಸಂದುಗಳಿಗೆ ತುಕ್ಕು ಹಿಡಿದದ್ದೇ ಚಾವಣಿಗಳು ಮಾತಾಡಲು ಶುರುಮಾಡಿದವು. ಗೋಪುರ ಅಷ್ಟು ಹತ್ತಿರ, ಅಷ್ಟು ಜೋರು; ತುಕ್ಕು ಹಿಡಿದ ಸಂದು ನಮ್ಮ ಹಳೆಯ ಕಲ್ಲಿನ ರೇಡಿಯೋದ ಕೆಲಸವನ್ನೇ ಮಾಡುತ್ತದೆ. ಆರಿಸಲು ಗುಂಡಿಯಿಲ್ಲ. ಮಲಗಿದರೆ ತಲೆಯ ಮೇಲೆ ನನ್ನ ದನಿ: ನಾಗರಿಕರು ಸಂತೋಷದಿಂದ ಇದ್ದಾರೆ. ಉಣ್ಣಲು ಕೂತರೆ ನನ್ನ ದನಿ: ಸೌಕರ್ಯಕ್ಕಾಗಿ ಕೃತಜ್ಞತೆ. ಮಕ್ಕಳು ಚಾವಣಿಗೆ ಕಲ್ಲು ಹೊಡೆದರು, ಹೆಂಗಸರು ಕೋಲಿನಿಂದ ಬಡಿದರು. ಬಡಿದಷ್ಟು ಹೊತ್ತು ಮಾತು ತುಂಡಾಗುತ್ತದೆ, ಆಮೇಲೆ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ.

ಅವ್ವನಿಗೆ ಒಂದು ಉಪಾಯ ಹೊಳೆಯಿತು. ಸಂದಿನೊಳಗೆ ಹಳೆ ಬಟ್ಟೆ ಬಿಗಿಯಾಗಿ ತುರುಕಿ, ತಗಡನ್ನು ತಗಡಿನಿಂದ ಬೇರೆ ಮಾಡಿದರೆ ಅಲ್ಲಿ ದನಿ ಸಾಯುತ್ತದೆ. ಮೊದಲು ನಮ್ಮ ಮನೆಗೆ ಮಾಡಿದೆವು. ಆ ಶಾಲುಗಳನ್ನೂ ಹರಿದು ತುರುಕಿದೆವು. ಆಮೇಲೆ ಯಾರನ್ನೂ ಕೇಳದೆ ಪಕ್ಕದ ಮನೆಗೆ ಏಣಿ ಹಾಕಿದೆವು. ಅದು ಬೊಮ್ಮಕ್ಕನ ಮನೆ. ಅವ್ವ ಬಟ್ಟೆ ಹರಿದು ಕೊಟ್ಟಳು, ನಾನು ಬಿಸಿಲಿಗೆ ಕಾದ ತಗಡಿನ ಮೇಲೆ ಮೊಣಕಾಲೂರಿ ಸಂದಿನಿಂದ ಸಂದಿಗೆ ಹೋದೆ. ಕೆಳಗೆ ಬೊಮ್ಮಕ್ಕ ಬಾಗಿಲಿಗೆ ಬಂದು ನಿಂತಳು. ಇಳಿಯಿರಿ ಅನ್ನುತ್ತಾಳೆ ಅಂದುಕೊಂಡೆ. ಏಣಿ ಜಾರುತ್ತಿತ್ತು, ಬಂದು ಹಿಡಿದುಕೊಂಡಳು. ಆಮೇಲೆ, ಇಷ್ಟು ದಿನಗಳ ನಂತರ ಮೊದಲ ಸಲ, ಬಾಯಿ ಬಿಟ್ಟಳು.

“ಆ ಮೂಲೇಲಿ ಇನ್ನೂ ಮಾತಾಡ್ತಾ ಇದೀಯ ಕಣೆ. ಅಲ್ಲಿಗೂ ತುರುಕು.”